ಮಾಮನ ಲಿವರ್ ಪುರಾಣ

ನಮ್ಮ ಸೋದರಮಾವನನ್ನು ಮಾತ್ರ ಮದುವೆಗೆ ಕರೆಯಬೇಡಿ. ಕರೆದಿರೋ, ಅಕ್ಷತೆ ಬೀಳುವ ಮೊದಲೇ ವರನ ರಕ್ತ ತಪಾಸಣೆಯ ಮಾತು ಬರುತ್ತದೆ! ಇಳಕಲ್ಲಿನ ಕ್ಷೌರದಂಗಡಿಯವರಂತೂ ಅವರನ್ನು ಕಂಡೊಡನೆ ಹೊಸ ಬ್ಲೇಡು ಬಿಚ್ಚಿ ತೋರಿಸುತ್ತಾರೆ.

ಮಾಮನ ಹೆಂಡತಿ, ನಮ್ಮ ಅತ್ತೆಗೆ ಕಾಮಣಿಯಾದಾಗ ಹುನಗುಂದದ ಕಡೆಯ ಯಾರೋ ಕೊಟ್ಟ ಸೊಪ್ಪಿನ ರಸ ಕುಡಿಸಿದ್ದರು. ಕಣ್ಣಿನ ಹಳದಿ ಹೋಯಿತು, ಗುಣವಾಯಿತೆಂದು ಓಣಿಗೆಲ್ಲ ಪೇಡೆ ಹಂಚಿದರು. ಒಳಗೇ ಉಳಿದಿದ್ದ ಹೆಪಟೈಟಿಸ್ ಬಿ ಕೆಲವು ವರ್ಷಗಳಲ್ಲಿ ಲಿವರನ್ನೂ ಅತ್ತೆಯನ್ನೂ ನುಂಗಿತು. ಮಾಮಾ ಕೆಟ್ಟದ್ದು ಅಲ್ಲಿಂದ. "ಜಗತ್ತಿನ ದೊಡ್ಡ ದೊಡ್ಡ ಸಭಾದಾಗ ಟಿಬಿಗೆ ಖುರ್ಚಿ ಐತಿ, ಏಡ್ಸಿಗೆ ಖುರ್ಚಿ ಐತಿ. ಈ ಬ್ಯಾನಿ ಮಾತ್ರ ಬಾಗಲದಾಗ ನಿಂತೈತಿ," ಎಂದು ಚಹಾದಂಗಡಿಯಲ್ಲಿ ನಿತ್ಯ ಭಾಷಣ. ಜಗತ್ತಿನ ಮಾತಿರಲಿ, ಚಹಾದವನಾದರೂ ಕೇಳಬೇಕಲ್ಲ?

ನಾನು ಬಸುರಿಯಾದಾಗ ಕುಬಸ ಬಾದಾಮಿಯಲ್ಲಿ, ಗಂಡನ ಮನೆಯಲ್ಲಿ. ಹೆಂಗಸರು ಉಡಿ ತುಂಬುತ್ತಿದ್ದರೆ ಮಾಮಾ ನಡುವೆ ನುಗ್ಗಿ, ಲಿವರಿನ ತಪಾಸಣೆ ಆಯಿತೇ ಎಂದು ಕೇಳಬೇಕೆ! ಬೀಗರೆದುರು ಮಾನ ಹೋಯಿತು. ಮಾಮನ ಬಾಯಿ ಮುಚ್ಚಿಸಲೆಂದೇ ಮರುದಿನ ರಕ್ತ ಕೊಟ್ಟುಬಂದೆ. ಹೆಪಟೈಟಿಸ್ ಬಿ ಇತ್ತು.

ಹೆರಿಗೆ ಬಾಗಲಕೋಟೆಯಲ್ಲಾಯಿತು. ನನ್ನ ಬೇನೆ ಕೂಸಿಗೆ ತಗಲಬಾರದೆಂದರೆ ಹುಟ್ಟಿದ ಕೂಡಲೇ ಲಸಿಕೆ ಬೀಳಬೇಕು. ಮಾಮಾ ದವಾಖಾನೆಯ ಬಾಗಿಲು ಬಿಡಲಿಲ್ಲ. "ಸೂಜಿ ಹಾಕೇವ್ರಿ ಅಜ್ಜಾರ, ಇನ್ನರ ಮನಿಗೆ ಹೋಗ್ರಿ," ಎಂದು ನರ್ಸಮ್ಮ ಕೈಮುಗಿದ ಮೇಲಷ್ಟೇ ಕದಲಿದರು.

ತವರಿಗೆ ಬಂದರೆ ಅವ್ವ ನಾನು ಉಣ್ಣುವ ಗಂಗಾಳವನ್ನು ಬೇರೆ ಇಟ್ಟಿದ್ದಳು. ಹಾಲು ಕುಡಿಸಬಹುದೆಂದು ಡಾಕ್ಟರು ಹೇಳಿದ್ದರೂ ನಂಬದೆ, ಕೂಸನ್ನು ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡಳು. ನಾನು ಒಳಕೋಣೆಯಲ್ಲಿ ಒಬ್ಬಳೇ ರೊಟ್ಟಿ ಮುರಿಯುತ್ತ ಅಳುತ್ತಿದ್ದೆ. ಆಗ ಮಾಮಾ ಬಂದರು. ಇನ್ನೊಂದು ಭಾಷಣ ಕೇಳುವ ತ್ರಾಣವಿಲ್ಲದೆ ಮುಖ ತಿರುಗಿಸಿದೆ.

ಭಾಷಣವಿಲ್ಲ! ಕೂಸನ್ನು ಎತ್ತಿ ತಂದು ನನ್ನ ಮಡಿಲಿಗಿಟ್ಟರು. ಎದುರು ಕುಳಿತು ನನ್ನ ಗಂಗಾಳದ ರೊಟ್ಟಿಯನ್ನೇ ಮುರಿದು ಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡರು. ಅವ್ವ ಗಾಬರಿಯಾಗಿ ಬಾಗಿಲಲ್ಲಿ ನಿಂತಳು.

"ಊಟದಾಗ ಬರೂ ಬ್ಯಾನಿ ಅಲ್ಲವ್ವಾ ಇದು," ಎಂದರು ನನಗೆ, ಮೆಲ್ಲಗೆ. "ನಂಗ ಆವಾಗ ಗೊತ್ತಿರಲಿಲ್ಲ. ನಿಮ್ಮ ಅತ್ತಿ ಗಂಗಾಳಾನೂ ಹಿಂಗ ಬ್ಯಾರೆ ಇಟ್ಟಿದ್ದೆ. ಕಡೀತನಕಾ ಒಬ್ಬಾಕಿನ ಉಂಡ್ಲು."

ಅವ್ವ ಒಳಹೋಗಿ ಇನ್ನೆರಡು ರೊಟ್ಟಿ ತಂದು ಅದೇ ಗಂಗಾಳಕ್ಕೆ ಹಾಕಿ, ತಾನೂ ನಮ್ಮ ಜೊತೆ ಉಣ್ಣಲು ಕುಳಿತಳು.