ವ್ಯಾನಿನಿಂದ ಅರವತ್ತು ಮೀಟರ್

ನಮ್ಮ ಕಸುಬಿನ ವಿಷಯದಲ್ಲಿ ಬೇರೆಯವರು ತಪ್ಪು ಮಾತಾಡುವಾಗ ಸುಮ್ಮನೆ ಕೂಡುವುದು ಬಹಳ ಕಷ್ಟ. ವೈದ್ಯರು, ವಕೀಲರು ಹೇಗೋ ಕೂಡುತ್ತಾರೇನೋ, ನನ್ನಿಂದ ಆಗುವುದಿಲ್ಲ. ಹೈದರಾಬಾದಿನ ಕುಷಾಯಿಗೂಡದ ಹತ್ತಿರದ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಲೆತುಂಬ ಕೂದಲಿದ್ದಾಗ ಸೇರಿ, ಅದು ಪೂರ್ತಿ ಹೋದ ಮೇಲೆ ನಿವೃತ್ತನಾದವನು ನಾನು. ಅಷ್ಟು ಕಾಲವೂ ಮಾಡಿದ್ದು ವೈರ್‌ಲೆಸ್ ಸೆಟ್ಟುಗಳ ಪರೀಕ್ಷೆ. ಸಿನಿಮಾದ ಪೊಲೀಸ್ ವಾಕಿ-ಟಾಕಿಯನ್ನು ಆಂಟೆನಾ ಹಿಡಿದು ಎತ್ತಿದರೂ ನನಗೆ ಮೈಯುರಿಯುತ್ತದೆ. ಇಂಥವನನ್ನು ಮಗಳು ಮಾಧವಿ ತನ್ನ ಭಾನುವಾರದ ಆಟಕ್ಕೆ ಸೇರಿಸಿಕೊಂಡಳು.

ಅದು ಪರದೆಯ ಮೇಲಿನ ಆಟವಲ್ಲ. ಊಟದ ಮೇಜಿನ ಸುತ್ತ ಕೂತು, ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಬಾಯಿಮಾತಿನಲ್ಲೇ ಆಡುವ ಕಥೆ. ಮಾಧವಿ ಕಥೆ ನಡೆಸುವವಳು. ಉಳಿದವರು ಒಂದೊಂದು ಪಾತ್ರ. ಕಥೆಯಲ್ಲಿ ಹೈದರಾಬಾದನ್ನು ಕಂಪನಿಗಳು ಆಳುತ್ತವೆ, ಜನರ ತಲೆಯೊಳಗೆ ತಂತಿಗಳಿವೆ. ಆಡುವವರಲ್ಲಿ ಒಬ್ಬರಿಗೆ ವರ್ಗವಾಗಿ ಜಾಗ ಖಾಲಿಯಾಗಿತ್ತು. ನಾನು ಕೂತೆ. ನನ್ನ ಪಾತ್ರ ವ್ಯಾನಿನಲ್ಲಿ ಕೂತು ಡ್ರೋನ್ ನಡೆಸುವ ಮುದುಕ. ಶ್ರೀಧರ್ ಎಂಬ ಬ್ಯಾಂಕ್ ಅಧಿಕಾರಿ ಆಟದಲ್ಲಿ ಗೂಂಡಾ. ಪಕ್ಕದ ಮನೆಯಲ್ಲೇ ಬೆಳೆದು, ಅರ್ಧ ಕನ್ನಡ ಅರ್ಧ ದಖ್ಖನಿ ಉರ್ದು ಮಾತಾಡುವ ಫರ್ಹಾನಾ ಕಳ್ಳಿ. ಆ ಕಳ್ಳಿಯ ಪಾತ್ರವನ್ನು ಅವಳು ಎರಡು ವರ್ಷದಿಂದ ಸಾಕಿಕೊಂಡು ಬಂದಿದ್ದಳು. ಆಟದಲ್ಲಿ ಸತ್ತ ಪಾತ್ರ ಮತ್ತೆ ಬರುವುದಿಲ್ಲ.

ಮೂರನೆಯ ಭಾನುವಾರ ನಾವು ಒಂದು ಕಂಪನಿಯ ಔಷಧಿ ಗೋದಾಮಿಗೆ ನುಗ್ಗಿದೆವು. ನುಗ್ಗಿದ್ದು ಅವರಿಬ್ಬರು, ನಾನು ವ್ಯಾನಿನಲ್ಲಿದ್ದೆ. ಕಾವಲುಗಾರರನ್ನು ತಡೆಯಲೆಂದು ಡ್ರೋನಿಗೆ ವ್ಯಾನಿನ ಬಳಿಯೇ, "ಯಾರನ್ನೂ ಹೊರಗೆ ಬಿಡಬೇಡ" ಎಂದು ಹುಕುಂ ಕೊಟ್ಟು, ಒಳಕೋಣೆಯ ಬಾಗಿಲಿಗೆ ಕಳಿಸಿದೆ. ಅಷ್ಟರಲ್ಲಿ ಫರ್ಹಾನಾ ಎತ್ತರದ ಕಿಟಕಿಯಿಂದ ಅದೇ ಕೋಣೆಗೆ ಇಳಿದಿದ್ದಳು. ಈಗ ಬಾಗಿಲಿನಿಂದಲೇ ಹೊರಬರಬೇಕು.

"ಬಿಡಂತ ಹೇಳ್ತೀನಿ" ಎಂದೆ.

"ಹೇಳಿದ್ರೂ ಕೇಳ್ಸಂಗಿಲ್ಲಪ್ಪಾ" ಎಂದಳು ಮಾಧವಿ. "ಬಯಲಿನ್ಯಾಗ ನೂರು ಮೀಟರ್ ರೇಂಜು. ಒಂದೊಂದು ಗ್ವಾಡಿಗೆ ಅರ್ಧ ಆಗ್ತದ. ಎರಡು ಗ್ವಾಡಿ, ಅಂದ್ರ ಇಪ್ಪತ್ತೈದು. ನಿಮ್ಮ ವ್ಯಾನು ಎಂಬತ್ತೈದು ಮೀಟರ್ ದೂರ ಐತಿ. ಸಂಪರ್ಕ ಕಡೀತಂದ್ರ ಡ್ರೋನ್ ಕಡೀ ಹುಕುಂನ ನಡಸ್ತದ."

"ಅಂಕಲ್, ನಿಮ್ಮ ಡ್ರೋನ್ ನನಗೇ ಬಂದೂಕ ತೋರ್ಸಾಕತ್ತೈತಿ" ಎಂದಳು ಫರ್ಹಾನಾ.

ಆಟ ಅಲ್ಲಿಗೆ ನಿಂತಿತು. ನಾನು ನಿಲ್ಲಲಿಲ್ಲ. ಎರಡು ಇಟ್ಟಿಗೆ ಗೋಡೆಗೆ ಸಿಗ್ನಲ್ ಸಾಯುವುದೆಂದರೇನು? ಆ ವಾರವೆಲ್ಲ ಕೂತು ನಾಲ್ಕು ಹಾಳೆ ಬರೆದೆ. ಒಂದರಲ್ಲಿ ನಕ್ಷೆಯೂ ಇತ್ತು. ಬರೀ ಲೆಕ್ಕ ಸಾಲದೆಂದು ಮಕ್ಕಳಾಟದ ಜೋಡಿ ವಾಕಿ-ಟಾಕಿ ತಂದು, ಒಂದನ್ನು ಹೆಂಡತಿ ಸುಮಿತ್ರೆಯ ಕೈಗೆ ಕೊಟ್ಟು ಎರಡು ಗೋಡೆ ಆಚೆ, ಬಚ್ಚಲಲ್ಲಿ ನಿಲ್ಲಿಸಿದೆ. "ಕೇಳ್ಸಾಕತ್ತೈತೇನು?" ಎಂದು ಈ ಕಡೆಯಿಂದ ಕೇಳಿದೆ.

"ಸೆಟ್ ಬಂದ್ ಮಾಡೀನ್ರಿ. ಆದ್ರೂ ಕೇಳ್ಸಾಕತ್ತೈತಿ" ಎಂದಳು. ನನ್ನ ದನಿ ಸ್ವಲ್ಪ ದೊಡ್ಡದು. ಆ ಪ್ರಯೋಗವನ್ನು ಹಾಳೆಯಲ್ಲಿ ಸೇರಿಸಲಿಲ್ಲ.

ಮುಂದಿನ ಭಾನುವಾರ ಚಹಾ ಬರುವ ಮುಂಚೆಯೇ ನಾಲ್ಕೂ ಹಾಳೆ ಓದಿದೆ. ಶ್ರೀಧರ್ "ಕರೆಕ್ಟೇ ಸಾರ್" ಎಂದು ನಡುನಡುವೆ ತಲೆಯಾಡಿಸಿದರು. ಅವರಿಗೆ ಏನೂ ತಿಳಿದಿರಲಿಲ್ಲ ಎಂಬುದು ನನಗೆ ತಿಳಿಯಿತು. ಮಾಧವಿ ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನೀವು ಬರ್ದದ್ದೆಲ್ಲಾ ಖರೇ ಇರಬೇಕಪ್ಪಾ. ಆದ್ರ ಈ ನಿಯಮ ಮಾಡಿದ್ದು ಸಿಗ್ನಲ್ ಸಲುವಾಗಿ ಅಲ್ಲ, ವ್ಯಾನಿನ್ಯಾಗ ಕುಂತಾವರ ಸಲುವಾಗಿ. ಇವರಿಬ್ಬರೂ ಮೂರು ವಾರದಿಂದ ಗುಂಡು ತಿನ್ನಾಕತ್ತಾರ. ನೀವು ಒಮ್ಮೆನೂ ಕೆಳಗ ಇಳ್ದಿಲ್ಲ."

ನಾನು ಹಾಳೆಗಳನ್ನು ಮಡಚಿ ಪಕ್ಕಕ್ಕಿಟ್ಟೆ. ಫರ್ಹಾನಾ ತನ್ನ ಪಾತ್ರದ ಕಾಗದವನ್ನು ಸುಮ್ಮನೆ ನೋಡುತ್ತಿದ್ದಳು. ಅಳಿಸಿ ಅಳಿಸಿ ಬರೆದು ಅದು ಅಂಚಿನಲ್ಲೆಲ್ಲ ಸವೆದಿತ್ತು.

"ಎಷ್ಟು ಮೀಟರ್ ನಡೀಬೇಕು?" ಎಂದು ಕೇಳಿದೆ.

"ಅರವತ್ತು. ಬಯಲಂಗಳ. ಮ್ಯಾಲೆ ಕಾವಲಿನವರು ಅದಾರ."

"ಇಳೀತೀನಿ."

ಇಪ್ಪತ್ತು ಮೀಟರಿಗೆ ದಾಳ ಹಾಕಿದೆ, ಕಾವಲಿನವರು ಯಾರೂ ನೋಡಲಿಲ್ಲ. "ಸಿಗ್ನಲ್ ಸಿಕ್ತೇನು?" ಎಂದೆ. ಇಲ್ಲ. ನಲವತ್ತಕ್ಕೆ ಕಾಲಿಗೆ ಗುಂಡು ಬಿತ್ತು. "ಈಗ ಸಿಕ್ತೇನು?" ಇಲ್ಲ. "ಸಾರ್, ವೆನಕ್ಕಿ ರಂಡಿ" ಎಂದು ಶ್ರೀಧರ್ ತೆಲುಗಿನಲ್ಲಿ ಹಿಂದಕ್ಕೆ ಕರೆದರು. ನಾನು ತೆವಳಿದೆ. ಐವತ್ತು, ಐವತ್ತೈದು. ಪ್ರತಿ ಸಲವೂ ಅದೇ ಪ್ರಶ್ನೆ ಕೇಳಿದೆ. ಸುಮಿತ್ರೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಇನ್ನೊಂದು ಗುಂಡು ಹೊಟ್ಟೆಗೆ ಬಿತ್ತು. ಅರವತ್ತನೆಯ ಮೀಟರಿನಲ್ಲಿ ಮಾಧವಿ, "ಸಿಕ್ತು" ಎಂದಳು.

"ಬಾಗಲ ಬಿಡು" ಎಂದೆ. ಡ್ರೋನ್ ಸರಿಯಿತು. ಫರ್ಹಾನಾ ಓಡಿ ಪಾರಾದಳು. ಮುಂದಿನ ದಾಳಕ್ಕೆ ನನ್ನ ಮುದುಕ ಅಂಗಳದಲ್ಲೇ ಸತ್ತ.

ಮಾಧವಿ ನನ್ನ ಕೈಮೇಲೆ ಕೈಯಿಟ್ಟಳು. ಅವಳು ಹಾಗೆ ಮಾಡಿ ಬಹಳ ವರ್ಷವಾಗಿತ್ತು.

ಮರುದಿನ ಫರ್ಹಾನಾ ಒಂದು ಬಟ್ಟಲು ಡಬಲ್ ಕಾ ಮೀಠಾ, ಬ್ರೆಡ್ಡಿನ ಸಿಹಿ, ತಂದು ಮುಂದಿಟ್ಟಳು. "ಅಮ್ಮೀ ಕಳ್ಸ್ಯಾಳ. ನನ್ನ ಸಲುವಾಗಿ ಜಾನ್ ಕೊಟ್ರಿ ಅಂಕಲ್. ಹೆಜ್ಜೆ ಹೆಜ್ಜೆಗೂ ಸಿಗ್ನಲ್ ಕೇಳಾಕತ್ತಿದ್ರಿ, ನನಗ ಕಣ್ಣಾಗ ನೀರ ಬಂತು" ಎಂದಳು.

ನಿಜ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ನಾನು ಹೆಜ್ಜೆ ಹೆಜ್ಜೆಗೂ ಕೇಳಿದ್ದು, ಸಿಗ್ನಲ್ ಅರವತ್ತಕ್ಕಿಂತ ಮೊದಲೇ ಸಿಕ್ಕರೆ ಮಾಧವಿಯ ಲೆಕ್ಕ ತಪ್ಪೆಂದು ಅಲ್ಲೇ ಹಿಡಿಯಲು. ಐವತ್ತೈದರಲ್ಲಿ ಸಿಕ್ಕಿದ್ದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ, ಹಾಳೆಗಳನ್ನು ಮತ್ತೊಮ್ಮೆ ಓದುವವನಿದ್ದೆ. ಇದನ್ನು ಆ ಹುಡುಗಿಗೆ ಹೇಳಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಒಂದು ಚಮಚ ಮೀಠಾ ಹಾಕಿಕೊಂಡು, ಬಟ್ಟಲು ಮುಗಿಯುವವರೆಗೂ ತಲೆಯೆತ್ತಲಿಲ್ಲ.