ಹೊಟ್ಟೆ ತುಂಬಿದ ಕೌದಿ

ಹಳೆಯದನ್ನು ಎಸೆಯುವವನು ಗೃಹಸ್ಥನೇ ಅಲ್ಲ ಎಂಬುದು ನನ್ನ ಅಚಲವಾದ ನಂಬಿಕೆ. ಸಂಸ್ಕೃತ ಅಧ್ಯಾಪಕನ ವೃತ್ತಿಯಿಂದ ನಿವೃತ್ತನಾದ ಮೇಲೆ, ದಾಂಡೇಲಿಯ ನಮ್ಮ ಪುಟ್ಟ ಮನೆಯನ್ನು ಈ ತತ್ತ್ವಕ್ಕೆ ಅನುಗುಣವಾಗಿ ಸಿಂಗರಿಸುವ ದೀಕ್ಷೆಯನ್ನೇ ತೊಟ್ಟೆ. ಎಣ್ಣೆಯ ಡಬ್ಬಿಗಳು ತುಳಸಿಯ ಕುಂಡಗಳಾದವು. ಹರಿದ ಛತ್ರಿಯ ಬಟ್ಟೆ ಮಿಕ್ಸರಿಗೆ ಮುಸುಕಾಯಿತು. ಹಳೆಯ ಧೋತರ ಬೀದಿಯ ಕಿಟಕಿಗೆ ಪರದೆಯಾಯಿತು. ಓಣಿಯಲ್ಲಿ ಹೋಗುವವರು, "ಅಯ್ನಾರ, ಧೋತ್ರ ಒಣಗೇತಿ, ತಗೀರಿ" ಎಂದು ಕೂಗಿ ಹೇಳುತ್ತಿದ್ದರು. ಅದನ್ನು ನಾನು ಕಲಾವಿಮರ್ಶೆಯೆಂದು ಪರಿಗಣಿಸಲಿಲ್ಲ.

ಇಂತಿರಲಾಗಿ, ಬಸುರಿ ಮಗಳು ಗಿರಿಜಾಳ ಕುಬಸದ ಕಾರ್ಯ ಮುಗಿದ ಮೇಲೆ, ನನ್ನ ಧರ್ಮಪತ್ನಿ ಶಾಂತವ್ವ ಒಂದು ಮಧ್ಯಾಹ್ನ ತನ್ನ ಟ್ರಂಕನ್ನು ತೆರೆದಳು. ತಳದಿಂದ ಒಂದು ಇಳಕಲ್ ಸೀರೆ ಹೊರಬಂದಿತು. ಒಡಲು ನವೆದು ತೆಳ್ಳಗಾಗಿತ್ತು; ಕೆಂಪು ಸೆರಗು ಮಾತ್ರ ಇನ್ನೂ ದೀಪದಂತೆ ಉರಿಯುತ್ತಿತ್ತು.

"ನಮ್ಮವ್ವನ ಸೀರಿ ಇದು. ಇದನ್ನ ಉಟ್ಕೊಂಡು ನನ್ನ ತೊಟ್ಟಿಲಾ ತೂಗಿದ್ಲಂತ" ಎಂದಳು. "ಹುಟ್ಟೋ ಕೂಸು ಇದರ ಮ್ಯಾಲ ಮಲಗಬೇಕ್ರಿ. ಹಳಿಯಾಳದಾಗ ಕೌದಿ ಹೊಲಿಯೋರು ಅದಾರ, ಅವರ ಕಡೆ ಕೊಡೂಣು."

"ಬ್ಯಾರೆಯವರ ಕೈಯಾಗ ಯಾಕ? ನಾನ ಖುದ್ದ ಹೊಲಿತೇನಿ" ಎಂದೆ.

ಆಕೆ ನನ್ನನ್ನು ದಿಟ್ಟಿಸಿದಳು. "ನೀವು?"

"ನಾನು."

"ಸೂಜೀಲೆ?"

"ಮತ್ತೇನು, ಗುದ್ದಲೀಲೆ ಹೊಲಿತಾರೇನು?"

"ಒಂದು ದಿನ ಅಂಗಿಗೆ ಗುಂಡಿ ಹಚ್ಕೊಂಡವರಲ್ಲ ನೀವು. ಪಿನ್ನು ಚುಚ್ಕೊಂಡು ಸಾಲಿಗೆ ಹೋದವರು!"

ಆದರೂ ಸೀರೆಯನ್ನು ನನ್ನ ಕೈಗಿಟ್ಟಳು. ಇಟ್ಟಳೆಂದರೆ ಪೂರ್ತಿಯಾಗಿ ಇಡಲಿಲ್ಲ. ಒಂದು ತುದಿಯನ್ನು ತಾನೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. "ನಮ್ಮವ್ವಂದು ಅಂತ ಉಳದದ್ದು ಇದೊಂದ. ಕೆಟ್ರ ಇನ್ನೊಂದಿಲ್ಲ, ನೆನಪಿರಲಿ" ಎಂದು ಮೆಲ್ಲಗೆ ಹೇಳಿ ಬಿಟ್ಟಳು.

ಕೌದಿಯ ರಚನೆ ನಮ್ಮ ಭಾಗದಲ್ಲಿ ಯಾರಿಗೂ ತಿಳಿಯದ ವಿದ್ಯೆಯಲ್ಲ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಉದ್ದಕ್ಕೂ ಸಾಲುಸಾಲಾಗಿ ಹೊಲಿದರಾಯಿತು. ಜೀವಮಾನವೆಲ್ಲ ಸಂಧಿ ಸಮಾಸಗಳನ್ನು ಬೋಧಿಸಿದವನಿಗೆ ಎರಡು ಬಟ್ಟೆಗಳನ್ನು ಕೂಡಿಸುವುದು ಎಷ್ಟರ ಕಾರ್ಯ?

ಮೊದಲ ತೊಡಕು ಸೂಜಿಯ ಕಣ್ಣಿನದು. ಅದು ನನ್ನ ಕಣ್ಣಿಗೆ ಕಾಣಲೇ ಇಲ್ಲ. ಆದುದರಿಂದ ಅಕ್ಕಿಯ ಚೀಲಗಳನ್ನು ಹೊಲಿಯುವ ದಬ್ಬಣವನ್ನು ಸ್ವೀಕರಿಸಿದೆ. ಸೆರಗನ್ನು ನಟ್ಟನಡುವೆ ಇಟ್ಟು, ಒಂದೊಂದು ಹೊಲಿಗೆಗೂ ಒಂದೊಂದು ಶಿವನಾಮವನ್ನು ಉಚ್ಚರಿಸುತ್ತ, ಅವಸರವಿಲ್ಲದೆ ಹೊಲಿದೆ. ನಡುಭಾಗ ಮುಗಿಯುವಷ್ಟರಲ್ಲಿ ಗಿರಿಜಾ ಹೆಣ್ಣುಕೂಸನ್ನು ಹಡೆದಳು. ಆನಂದಾತಿಶಯದಿಂದ ದಬ್ಬಣಕ್ಕೂ ಶಿವನಾಮಕ್ಕೂ ಏಕಕಾಲದಲ್ಲಿ ವೇಗ ಬಂದಿತು.

ಎರಡನೆಯ ತೊಡಕು ಆಕಾರದ್ದು. ಎಡದ ಅಂಚು ಗಿಡ್ಡವಾಯಿತು. ಸರಿಪಡಿಸಲು ಅಲ್ಲಿ ಒಂದು ತುಂಡನ್ನು ಸೇರಿಸಿದೆ. ಆಗ ಬಲದ ಅಂಚು ಗಿಡ್ಡವಾಗಿ ಕಂಡಿತು. ಅಲ್ಲಿ ಎರಡು ಸೇರಿಸಿದೆ. ಈಗ ಮೇಲ್ಭಾಗ ಮುನಿಸಿಕೊಂಡಿತು. ಹೀಗೆ ನಾಲ್ಕು ದಿಕ್ಕುಗಳನ್ನೂ ಸಮಾಧಾನಪಡಿಸುತ್ತ ಹೋದಂತೆ ಕೌದಿಯು ಪಡಸಾಲೆಯನ್ನು ತುಂಬಿ, ಅಡಿಗೆಮನೆಯ ಹೊಸ್ತಿಲನ್ನು ಮುಟ್ಟಿತು.

ಹೊಸ್ತಿಲಿನಿಂದಲೇ ಶಾಂತವ್ವ ನೋಡಿದಳು. "ರೀ, ಗಿರಿಜಾ ಹಡದದ್ದು ಒಂದ ಕೂಸು. ನೀವು ಇಡೀ ಅಂಗನವಾಡಿಗೆ ಹೊಲಿಯಾಕತ್ತೀರಿ!"

"ಕೂಸು ಬೆಳೀತೈತಿ" ಎಂದೆ.

"ಎಷ್ಟು ಬೆಳೀತೈತಿ? ಆನಿ ಆಗೂದಿಲ್ಲಲ್ಲ!"

ಇನ್ನು ಕೊನೆಯ ವಿಧಿ ಉಳಿದಿತ್ತು. ನಮ್ಮ ಕಡೆ ಕೌದಿಯ ಕೊನೆಯ ತುಂಡನ್ನು ಹೊಲಿಯುವ ಮುನ್ನ ಒಂದು ಸಂದಿಯನ್ನು ಬಿಟ್ಟು, ಅದರೊಳಗೆ ಚಿಟಿಕೆ ಅಕ್ಕಿಯನ್ನೋ ರೊಟ್ಟಿಯ ಚೂರನ್ನೋ ಇಟ್ಟು ಮುಚ್ಚುವ ಪದ್ಧತಿಯುಂಟು. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹೊಟ್ಟೆ ತುಂಬಿದ ಕೌದಿಯ ಮೇಲೆ ಮಲಗಿದವರಿಗೆ ಉಪವಾಸದ ದಿನ ಬಾರದೆಂದು ನಂಬಿಕೆ. ಎಂತಹ ಉದಾತ್ತ ಭಾವನೆ!

ಆದರೆ ನಾನು ಆಳವಾಗಿ ಚಿಂತಿಸಿದೆ. ಚಿಟಿಕೆ ಅಕ್ಕಿಯಿಂದ ಯಾರ ಹೊಟ್ಟೆ ತುಂಬೀತು? ಅತಿಥಿಯನ್ನು ಕರೆದು ಒಂದೇ ಅಗುಳನ್ನು ಬಡಿಸಿದಂತಲ್ಲವೇ? ಅದೂ ಇಷ್ಟು ವಿಶಾಲವಾದ ಕೌದಿಗೆ! ಮೊಮ್ಮಗಳ ಭವಿಷ್ಯದಲ್ಲಿ ಜಿಪುಣತನ ಸಲ್ಲದು. ಆದ್ದರಿಂದ ಮನೆಯವರೆಲ್ಲ ಮಲಗಿದ್ದ ಮಧ್ಯಾಹ್ನ ಅಡಿಗೆಮನೆಯನ್ನು ಪ್ರವೇಶಿಸಿ, ಒಂದು ಪಾವು ಅಕ್ಕಿ, ಅಮಾವಾಸ್ಯೆಗೆ ಮಾಡಿದ ಹೂರಣದ ಹೋಳಿಗೆಗಳು, ಹಳಿಯಾಳದ ಸಂತೆಯಿಂದ ತಂದ ಬೆಲ್ಲದ ಅಚ್ಚು, ಕೊಬ್ಬರಿ, ಉತ್ತತ್ತಿ, ಇವೆಲ್ಲವನ್ನೂ ನಾಲ್ಕು ಮೂಲೆಗಳಿಗೆ ನ್ಯಾಯವಾಗಿ ಹಂಚಿ ಹೊಲಿದುಬಿಟ್ಟೆ.

"ಕೌದಿ ಯಾಕಿಷ್ಟು ಭಾರ ಐತಿ?" ಎಂದು ಶಾಂತವ್ವ ಕೇಳಿದಳು.

"ಆಶೀರ್ವಾದದ ಭಾರ" ಎಂದೆ.

ಸೋಮವಾರ ಕೂಸಿಗೆ ಹೆಸರಿಡುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಕೌದಿಯನ್ನು ಉಳವಿ ಕ್ಷೇತ್ರಕ್ಕೆ ಒಯ್ದು, ದೇವರ ಗದ್ದುಗೆಗೆ ಮುಟ್ಟಿಸಿ ತರಬೇಕೆಂದು ನನ್ನ ಸಂಕಲ್ಪ. ಬಾಣಂತಿಯ ಬಳಿ ಬೀಗತಿ ಬಂದಿದ್ದುದರಿಂದ ಶಾಂತವ್ವನೂ ಹೊರಟಳು. ಆಗ ನನಗೆ ಇನ್ನೊಂದು ಆಲೋಚನೆ ಹೊಳೆಯಿತು. ಎಲ್ಲೆಲ್ಲಿಂದಲೋ ಜನ ನಮ್ಮ ಕಾಡಿಗೆ ಬಂದು ಗುಡಾರ ಹಾಕಿ ಮಲಗುತ್ತಾರೆ. ಇಲ್ಲಿಯೇ ಮುದುಕರಾದ ನಾವು ಒಂದು ದಿನವೂ ಆ ಸುಖವನ್ನು ಕಂಡಿಲ್ಲ. ಗುಡಾರವನ್ನು ಕೊಳ್ಳುವುದೇಕೆ? ಒಂದು ತಾಡಪತ್ರಿ, ನಾಲ್ಕು ಬಿದಿರು, ಗೋಡೆಗಳಿಗೆ ಹಳೆಯ ಸೀರೆಗಳು. ನೆಲಕ್ಕೆ ಹಾಸಲು ಕೌದಿ ಇದ್ದೇ ಇದೆ. ಕೂಸು ಮಲಗುವ ಮೊದಲು ಅದರಲ್ಲಿ ಗಂಟು ಒತ್ತುವುದೋ ಎಂದು ಅಜ್ಜನು ಪರೀಕ್ಷಿಸಿದಂತೆಯೂ ಆಯಿತು!

ಪಕ್ಕದ ಮನೆಯ ದಸ್ತಗೀರಸಾಬರು ಕಾಗದದ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ತಮ್ಮ ಹಳೆಯ ಜೀಪನ್ನು ಸಂತೋಷದಿಂದ ತೆಗೆದರು. ಜೊಯಿಡಾ ದಾಟಿದ ಮೇಲೆ ಹಳ್ಳದ ದಂಡೆಯಲ್ಲಿ ಅವರ ಗೆಳೆಯರೊಬ್ಬರ ಹೊಲವಿತ್ತು. ಕೌದಿಯನ್ನು ಜೀಪಿಗೆ ಎತ್ತುವಾಗ ಅವರು, "ಅಯ್ನಾರ, ಇದರಾಗ ಇಂಜಿನ್ ಏನರ ಇಟ್ಟೀರೇನು?" ಎಂದು ಕೇಳಿದರು. ನಾನು ಗಂಭೀರವಾಗಿ ಮುಗುಳ್ನಕ್ಕೆ.

ಗುಡಾರವು ನಿಂತಿತು. ಮದುವೆ ಮುಗಿದ ಮರುದಿನದ ಹಂದರದಂತೆ ನಿಂತಿತು, ಆದರೂ ನಿಂತಿತು. ಒಳಗೆ ಕೌದಿಯನ್ನು ಹಾಸಿದೆ. ಶಾಂತವ್ವ ಹಳ್ಳದಲ್ಲಿ ಕಾಲಿಳಿಬಿಟ್ಟು ಕುಳಿತಳು. ದಸ್ತಗೀರಸಾಬರು ಮೂರು ಕಲ್ಲುಗಳನ್ನು ಹೂಡಿ ಚಹಾ ಕಾಸಿದರು. "ಲಗ್ನ ಆದಾಗಿಂದ ಹಿಂಗ ಸುಮ್ಮ ಕುಂತಿದ್ದಿಲ್ಲ ನೋಡ್ರಿ" ಎಂದು ಆಕೆ ನಕ್ಕಳು. ನನ್ನ ಗೃಹಸ್ಥಾಶ್ರಮ ಸಾರ್ಥಕವಾಯಿತೆಂದುಕೊಂಡು, ಗುಡಾರದೊಳಗೆ ಕೌದಿಯ ಮೇಲೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಪಂಚಾಕ್ಷರಿಯ ಜಪದಲ್ಲಿ ತೊಡಗಿದೆ.

ಹೊರಗೆ ಹಳ್ಳದ ಸದ್ದು. ಒಳಗೆ ಶಾಂತಿ. ಸ್ವಲ್ಪ ಹೊತ್ತಿಗೆ ಪಾದಗಳಲ್ಲಿ ಏನೋ ಒಂದು ಸೂಕ್ಷ್ಮವಾದ ಸಂಚಾರ ಆರಂಭವಾಯಿತು. ಅದು ಮೊಣಕಾಲಿಗೆ ಏರಿತು. ಬೆನ್ನಿಗೆ ಏರಿತು. ಮೈಯೆಲ್ಲ ಪುಲಕಗೊಂಡಿತು. ರೋಮಾಂಚನ! ಭಕ್ತನ ಬಾಳಿನಲ್ಲಿ ಎಂದೋ ಒಮ್ಮೆ ಒದಗುವ ಅನುಭವ! ಇಷ್ಟು ವರ್ಷಗಳ ಜಪಕ್ಕೆ ಇಂದು ಫಲ ದೊರೆಯಿತೆಂದು ಕಣ್ಣುಗಳಲ್ಲಿ ನೀರು ತುಂಬಿತು.

ಹೊರಗಿನಿಂದ ದಸ್ತಗೀರಸಾಬರ ದನಿ ಕೇಳಿಸಿತು: "ಅಕ್ಕಾರ, ನೋಡ್ರಿ ಇಲ್ಲೆ. ಎಂಥಾ ಭಕ್ತಿ! ಅಯ್ನಾರು ಗಡಗಡ ನಡಗಾಕತ್ತಾರ!"

ಅಷ್ಟರಲ್ಲಿ ಅನುಗ್ರಹವು ಕಚ್ಚಿತು!

ಒಂದು ಕಡೆಯಲ್ಲ, ಸರ್ವಾಂಗಗಳಲ್ಲಿಯೂ ಕಚ್ಚಿತು. ಕಣ್ಣು ತೆರೆದರೆ ಕೆಂಪಿರುವೆ! ಕೌದಿಯ ನಾಲ್ಕು ಮೂಲೆಗಳಿಂದಲೂ ಇರುವೆಗಳ ಸೇನೆ ಹೊಲಿಗೆಯ ಸಾಲುಗಳನ್ನೇ ರಾಜಮಾರ್ಗಗಳನ್ನಾಗಿ ಮಾಡಿಕೊಂಡು ನಡೆದಿತ್ತು. ಪದ್ಮಾಸನವನ್ನು ಬಿಡಿಸಿಕೊಳ್ಳಲು ವ್ಯವಧಾನವಿರಲಿಲ್ಲ. ಹಾಗೆಯೇ ಉರುಳಿದೆ. ಗುಡಾರದ ಒಂದು ಬಿದಿರು ಕಳಚಿತು.

"ಕೌದಿ! ಕೌದಿ ಉಳಸ್ರಿ!" ಎಂದು ಶಾಂತವ್ವ ಕೂಗಿದಳು.

ಉಳಿಸಿದೆ. ಅದನ್ನು ಎಳೆದುಕೊಂಡು ಹೋಗಿ ಹಳ್ಳಕ್ಕೆ ಒಗೆದೆ! ಇರುವೆಗಳೇನೋ ತೇಲಿದವು. ಕೌದಿ ಮಾತ್ರ ಮುಳುಗಿತು. ಅಷ್ಟೂ ಪದರಗಳು ನೀರು ಕುಡಿದವು, ಅಕ್ಕಿ ಉಬ್ಬಿತು, ಬೆಲ್ಲ ಕರಗಿ ಹಳ್ಳವು ಒಂದು ಕ್ಷಣ ಪಾನಕವಾಯಿತು. ಒಂದು ಮೂಲೆಯನ್ನು ಹಿಡಿದಿದ್ದ ನನ್ನನ್ನು ಕೌದಿಯು ಎಮ್ಮೆಯಂತೆ ಜಗ್ಗತೊಡಗಿತು.

"ಬಿಡ್ರಿ ಅಯ್ನಾರ, ನೀವೂ ಹೊಕ್ಕೀರಿ!"

"ಬಿಡಂಗಿಲ್ಲ! ಅತ್ತೀ ಸೀರಿ ಐತಿ ಇದರಾಗ!"

ದಸ್ತಗೀರಸಾಬರು ಹಗ್ಗವನ್ನು ತಂದು ಕೌದಿಯ ಎರಡು ಮೂಲೆಗಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಜೀಪಿಗೆ ಬಿಗಿದರು. "ಸ್ವಲ್ಪ ಎಳೀರಿ ಸಾಬರ, ಸ್ವಲ್ಪ!" ಎಂದೆ. ಆ ಜೀಪಿಗೆ ಸ್ವಲ್ಪ ಎಂಬುದು ಗೊತ್ತಿರಲಿಲ್ಲ. ಅದು ಒಮ್ಮೆ ಕೆಮ್ಮಿ, ಚಂಗನೆ ಮುಂದಕ್ಕೆ ಹಾರಿತು. ಚರ್ರೆಂದು ಸದ್ದಾಯಿತು. ನಾನು ವೇಗವಾಗಿ ಹಾಕಿದ್ದ ಅಂಚಿನ ಹೊಲಿಗೆಗಳೆಲ್ಲ ಅಷ್ಟೇ ವೇಗವಾಗಿ ಬಿಚ್ಚಿಕೊಂಡವು. ದಂಡೆಯ ಮೇಲೆ ಹೋಳಿಗೆ, ಕೊಬ್ಬರಿ, ಉತ್ತತ್ತಿ, ನೆನೆದ ಅಕ್ಕಿ ಎಲ್ಲವೂ ಪಂಕ್ತಿಭೋಜನದಂತೆ ಹರಡಿದವು.

ಶಾಂತವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರಿ ಇದು? ಕೌದಿಯೋ, ಬುತ್ತಿ ಗಂಟೋ?"

"ಹೊಟ್ಟಿ ತುಂಬಸಿದ್ದೆ..." ಎಂದೆ.

"ತುಂಬಸೀರಿ ಖರೆ. ವಾಂತಿ ಮಾಡ್ಕೊಂಡೈತಿ!"

"ತೋಬಾ, ತೋಬಾ" ಎಂದು ದಸ್ತಗೀರಸಾಬರು ಮುಖ ತಿರುಗಿಸಿ ನಕ್ಕರು. ಈ ಪಂಕ್ತಿಯ ವಾರ್ತೆ ಮರಗಳ ಮೇಲಿನ ಮಂಗಗಳಿಗೆ ಅದಾಗಲೇ ತಲುಪಿತ್ತು. ಅವು ಸಕುಟುಂಬವಾಗಿ ಇಳಿದುಬಂದು, ಹೋಳಿಗೆಗಳನ್ನು ಆರಿಸಿಕೊಂಡು, ನಮ್ಮ ಗುಡಾರದ ಮೇಲೆ ಕುಳಿತು ಊಟಕ್ಕೆ ತೊಡಗಿದವು. ಗುಡಾರವು ಅಲ್ಲಿಗೆ ಕುಸಿಯಿತು.

ಶಾಂತವ್ವ ಈಗ ನಗಲೂ ಇಲ್ಲ, ಬಯ್ಯಲೂ ಇಲ್ಲ. ಕೆಸರಿನ ಆ ರಾಶಿಯ ಮುಂದೆ ಕುಳಿತು ಕೆಂಪು ಬಣ್ಣಕ್ಕಾಗಿ ಹುಡುಕತೊಡಗಿದಳು. ಒಂದೊಂದೇ ಪದರವನ್ನು ಎತ್ತುತ್ತಿದ್ದಳು. ನಾನು ಒದ್ದೆ ಧೋತರದಲ್ಲಿ ನಿಂತು ಉಳವಿಯ ದೇವರನ್ನು ನೆನೆದೆ. ಆಗ ನೆನೆದದ್ದೇ ನಿಜವಾದ ಜಪವಿದ್ದೀತು.

ನಡುವೆ ಸೆರಗು ಸಿಕ್ಕಿತು. ಕೆಸರಾಗಿತ್ತು, ಆದರೆ ಹರಿದಿರಲಿಲ್ಲ. ಆಕೆ ಹಳ್ಳದ ನೀರಿನಲ್ಲಿ ಜಾಲಿಸಿ, ಎರಡು ಕೈಗಳಿಂದ ಜಗ್ಗಿ ನೋಡಿದಳು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

"ನಡುವಿಂದು ನೆಟ್ಟಗ ಹೊಲದೀರಲ್ರಿ! ಅಂಚು ಯಾಕ ಹಂಗ ಹೊಲದ್ರಿ?"

"ಅಂಚಿಗೆ ಬರೂದ್ರಾಗ ನನಗ ಹೊಲಿಗಿ ಬರ್ತೈತಿ ಅಂತ ಅನಿಸಿಬಿಟ್ಟಿತ್ತು" ಎಂದೆ.

ಆಗ ಆಕೆ ನಕ್ಕಳು. ಕಣ್ಣೀರು ಬರುವವರೆಗೂ ನಕ್ಕಳು.

ದಸ್ತಗೀರಸಾಬರ ಪೆಟ್ಟಿಗೆಯ ಕತ್ತರಿಯಿಂದ ಸುತ್ತಲಿನ ನನ್ನ ಸಾಮ್ರಾಜ್ಯವನ್ನೆಲ್ಲ ಕತ್ತರಿಸಿ ತೆಗೆದಳು. ಉಳಿದದ್ದನ್ನು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಒಣಗಿಸಿ ನೋಡಿದರೆ, ಸರಿಯಾಗಿ ಒಂದು ಕೂಸಿನ ಅಳತೆ! ಗುಡಾರಕ್ಕೆಂದು ತಂದಿದ್ದ ದಬ್ಬಣ ದಾರಗಳಿಂದ ಸಂಜೆಯವರೆಗೂ ಕುಳಿತು ತಾನೇ ಅಂಚು ಹೊಲಿದಳು. ಕೊನೆಗೆ ಸಣ್ಣ ಸಂದಿಯನ್ನು ಬಿಟ್ಟು, "ಕೈ ಚಾಚ್ರಿ" ಎಂದು ನನ್ನ ಅಂಗೈಗೆ ಬುತ್ತಿಯ ಚೀಲದಿಂದ ಅಕ್ಕಿ ಹಾಕಿದಳು. ಮತ್ತೆ ಅದರಲ್ಲಿ ಅರ್ಧವನ್ನು ತೆಗೆದುಕೊಂಡಳು. "ಇಷ್ಟು ಸಾಕು. ಅಕೀಗೆ ಇನ್ನೂ ಹಲ್ಲು ಬಂದಿಲ್ಲ."

ಗುಡಾರವಿಲ್ಲದ್ದರಿಂದ ಜೀಪಿನಲ್ಲಿಯೇ ಒರಗಿ ಬೆಳಗು ಮಾಡಿದೆವು. ಉಳವಿಯಲ್ಲಿ ಕೌದಿಯನ್ನು ಗದ್ದುಗೆಗೆ ಮುಟ್ಟಿಸುವಾಗ ಶಾಂತವ್ವ ಅದರ ಒಂದು ತುದಿಯನ್ನು ಹಿಡಿದಿದ್ದಳು, ನಾನು ಇನ್ನೊಂದನ್ನು.

ಸೋಮವಾರ ಕೂಸನ್ನು ಅದರ ಮೇಲೆಯೇ ಮಲಗಿಸಿದರು. ಬಂದ ಹೆಣ್ಣುಮಕ್ಕಳು ಸೆರಗನ್ನು ಮುಟ್ಟಿ ಮುಟ್ಟಿ, ಯಾರು ಹೊಲಿದರೆಂದು ಕೇಳಿದರು. "ಅಕೀ ಅಜ್ಜ" ಎಂದಳು ಶಾಂತವ್ವ, ಅಷ್ಟೇ. ಬಾಗಿಲಲ್ಲಿ ನಿಂತಿದ್ದ ದಸ್ತಗೀರಸಾಬರು ಕೆಮ್ಮಿದರು. ಕತ್ತರಿಸಿದ ಉಳಿಕೆಯನ್ನು ಎಸೆಯಬಾರದೆಂಬ ನನ್ನ ತತ್ತ್ವಕ್ಕೆ ಅನುಗುಣವಾಗಿ ಅದನ್ನು ಅವರ ಜೀಪಿನ ಸೀಟಿಗೆ ಹೊದಿಸಲಾಗಿತ್ತು. ಎಷ್ಟು ಒಗೆದರೂ ಬೆಲ್ಲ ಪೂರ್ತಿಯಾಗಿ ಹೋಗಿರಲಿಲ್ಲ. "ನನ್ನ ಜೀಪಿನ ಹೊಟ್ಟೀನೂ ತುಂಬಸೀರಿ ಅಯ್ನಾರ. ಈಗ ನಾನೂ ದಿನಾ ಭಕ್ತಿಯಿಂದ ನಡಗತೇನಿ" ಎಂದರು.

ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ತೊಟ್ಟಿಲ ಬಳಿ ಆಸನ ಹಾಕಿ ಜಪಕ್ಕೆ ಕುಳಿತೆ. ಮುತ್ತಜ್ಜಿಯ ಸೆರಗಿನ ಮೇಲೆ ಮೊಮ್ಮಗಳು ಮುಷ್ಟಿ ಬಿಗಿದು ಮಲಗಿದ್ದಳು. ನಿದ್ದೆಯಲ್ಲಿ ಒಮ್ಮೆ ತುಟಿಯನ್ನು ಅರಳಿಸಿದಳು. ಪಾದಗಳಿಂದ ಬೆನ್ನಿನವರೆಗೆ ಮೈಯೆಲ್ಲ ರೋಮಾಂಚನವಾಯಿತು.

ತಕ್ಷಣ ಎದ್ದು ಆಸನವನ್ನು ಎತ್ತಿ ನೋಡಿದೆ.

ಏನೂ ಇರಲಿಲ್ಲ. ಆದರೂ ಒಮ್ಮೆ ಕೊಡವಿಯೇ ಕುಳಿತೆ!