ಜೇನಿನ ಚಿತ್ರಕ್ಕೆ ಗೋಡೆ ನೋಡಿದ್ದು

ಅಟ್ಟೂರಿನ ಒಂದು ಗ್ಯಾಲರಿಯಲ್ಲಿ ನಾನು ಮ್ಯಾನೇಜರ್. ಕಾಡಿನ ಹಾಡಿಗಳಲ್ಲಿ ಕೂತು ಇವತ್ತಿಗೂ ಹೊಸ ಹೊಸದು ಬರೀತಿರೋ ಆದಿವಾಸಿ ಕಲಾವಿದರ ಚಿತ್ರ ಮಾತ್ರ ನಮ್ಮಲ್ಲಿ. ನಿಯಮ ಒಂದೇ: ಬರೆದವರು ಹೂಂ ಅನ್ನದೆ ಚಿತ್ರ ಗೋಡೆಯಿಂದ ಇಳಿಯೋ ಹಾಗಿಲ್ಲ. ಈ ನಿಯಮ ಇರೋವರೆಗೂ ನನಗೆ ನಗುವಿಗೂ ಬರವಿಲ್ಲ, ಎದೆ ಡವಡವಕ್ಕೂ ಬರವಿಲ್ಲ. ಈ ಸಲವಂತೂ ಓನರಮ್ಮ ಮೊದಲೇ ಹೇಳಿಬಿಟ್ಟಿದ್ರು: "ಈ ಪ್ರದರ್ಶನದಲ್ಲಿ ಒಂದೂ ಹೋಗ್ಲಿಲ್ಲ ಅಂದ್ರೆ ಬೀಗ ಹಾಕೋದೇ ಕಣ್ರೀ."

ಸೋಫಾ

ಮೊದಲ ದಿನವೇ ಒಬ್ಬರು ಮೇಡಂ ದೊಡ್ಡ ಜೇನುಗೂಡಿನ ಚಿತ್ರದ ಮುಂದೆ ನಿಂತೇ ನಿಂತ್ರು. ನಾನು ಬಿಲ್ ಪುಸ್ತಕ ತೆರೆದೆ.

"ಚೆನ್ನಾಗಿದೆ. ಆದ್ರೆ ನಮ್ ಸೋಫಾ ನೀಲಿ. ಈ ಜೇನನ್ನೂ ನೀಲಿ ಮಾಡಿಸ್ಕೊಡ್ತೀರಾ?"

ಚಿತ್ರ ಬರೆದ ಸೋಲಿಗರ ಅಕ್ಕ ಬೆಟ್ಟದ ಹಾಡಿಯಲ್ಲಿದ್ರು. ನಿಯಮ ನಿಯಮವೇ, ಫೋನ್ ಮಾಡಿ ಕೇಳಿದೆ.

"ಸೋಫಾವನ್ನೇ ಜೇನಿನ ಬಣ್ಣ ಮಾಡಿಸ್ಕಳಕ್ಕೆ ಹೇಳಪ್ಪ" ಅಂದು ಇಟ್ಟೇಬಿಟ್ರು.

ಫೋಟೊ

ಆಮೇಲೆ, ಪ್ರದರ್ಶನ ಮುಗಿಯೋವರೆಗೂ ಇರ್ತೀನಿ ಅಂತ ಅಕ್ಕನೇ ಬಂದ್ರು, ಚೂಡಿದಾರ್ ಹಾಕ್ಕೊಂಡು. ಒಬ್ಬ ಮಹಾಶಯ ಕ್ಯಾಮೆರಾ ಹಿಡಿದು ನನ್ನ ಕಿವಿಗೆ ಬಾಯಿಟ್ಟ: "ಇವ್ರು ಕಾಡಿನವ್ರ ಥರ ಕಾಣ್ತಾನೇ ಇಲ್ವಲ್ರೀ. ಎಲೆ ಗಿಲೆ ಸುತ್ಕೊಳಕ್ಕೆ ಹೇಳಿ."

ಕತ್ತು ಹಿಡಿದು ಆಚೆ ದಬ್ಬೋಣ ಅನ್ನಿಸ್ತು. ಆದ್ರೆ ಗಿರಾಕಿ! ಅಕ್ಕನಿಗೆ ಎಲ್ಲಾ ಕೇಳಿಸಿತ್ತು.

"ಆಯ್ತು ಸಾಮಿ. ನೀವೂ ನಿಮ್ ಮುತ್ತಾತನಂಗೆ ಲಂಗೋಟಿ ಕಟ್ಕಂಡು ಬನ್ನಿ. ಇಬ್ರೂ ನಿಂತ್ಕಳವ."

ಗೋಡೆ

ಕೊನೆಯ ದಿನ. ಗೋಡೆಯಿಂದ ಒಂದೂ ಇಳಿದಿಲ್ಲ. ಸಂಜೆಗೆ ಹುಣಸಮಾರನಹಳ್ಳಿಯ ಯಜಮಾನರೊಬ್ಬರು ಬಂದು, "ಜೇನಿನ ಚಿತ್ರ ನನಗೇ" ಅಂದ್ರು. ಹೋದ ಜೀವ ಬಂತು.

ಅಕ್ಕ ಹೂಂ ಅನ್ನಲಿಲ್ಲ. "ಮನೆಯ ನೋಡ್ದೆ ಎಣ್ಣು ಕೊಟ್ಟಾರಾ? ಗೋಡೆಯ ನೋಡ್ಬೇಕು."

"ಅಕ್ಕಾ, ನಿಮ್ ಕಾಲಿಗೆ ಬೀಳ್ತೀನಿ" ಅಂತ ಪಿಸುಗುಟ್ಟಿದೆ. ಊಹೂಂ. ಯಜಮಾನರ ಕಾರಲ್ಲೇ ಅವರ ಮನೆಗೆ ಹೊರಟೆವು.

ಯಜಮಾನರ ತಾಯಿ ಕಾಫಿ ಕೊಟ್ರು. ಅಕ್ಕ ಮುಟ್ಟಲಿಲ್ಲ. ಚಿತ್ರ ಹಾಕೋ ಗೋಡೆ ನೋಡಿದ್ರು, ತಿರುಗಿ ಎದುರು ಗೋಡೆ ನೋಡಿದ್ರು. ಅಲ್ಲಿ ಬಾಗಿಲಷ್ಟು ದೊಡ್ಡ ಟೀವಿ.

"ನನ್ ಜೇನು ಎಲ್ಲಾ ವೊತ್ತೂ ಇದ ನೋಡ್ಕಂಡು ಕೂರ್ಬೇಕಾ? ಕೊಡಕಿಲ್ಲ."

ಯಜಮಾನರ ಮುಖ ಸಣ್ಣದಾಯ್ತು. ಮುಗೀತು, ನಾಳೆ ಬೀಗ ಅಂದ್ಕೊಂಡೆ. ಆಗ ಆ ತಾಯಿ ಬಾಯಿ ಬಿಟ್ರು: "ಆ ಯಮ್ಮ ಅನ್ನೋದು ಸರಿಯಾಗೇ ಐತೆ. ನಂಗೂ ಅದ್ರ ಗಲಾಟೆ ಸಾಕಾಗೈತೆ. ತಗ್ಸೋ ಅದ!"

ಟೀವಿ ಇಳೀತು. ಅಕ್ಕ ಕಾಫಿ ಲೋಟ ಎತ್ತಿಕೊಂಡು "ಹೂಂ" ಅಂದ್ರು. ನನಗೆ ಅಳುವೇ ಬಂತು ಕಣ್ರೀ.

ವಾರದ ಮೇಲೆ ಯಜಮಾನರ ಫೋನು, ಗುಟ್ಟಿನ ದನಿ. ಚಿತ್ರ ವಾಪಸ್ ಕೊಡ್ತಾರೇನೋ ಅಂದ್ಕೊಂಡೆ.

"ಸಾರ್, ನಾಳೆ ಮ್ಯಾಚಿದೆ. ಒಂದೇ ಒಂದ್ ದಿನ ಟೀವಿ ಹಾಕ್ಕೊಳ್ಲಾ ಅಂತ ಅಕ್ಕನ್ನ ಕೇಳ್ತೀರಾ? ಅವ್ರು ಹೂಂ ಅನ್ನೋವರ್ಗೂ ಅಮ್ಮ ಮುಟ್ಟಕ್ಕೇ ಬಿಡ್ತಿಲ್ಲ."